ತನಗಲ್ಲದ ಮಾತು

ಅಡುಗೆಮನೆಯಲ್ಲಿ ಮಿಕ್ಸರ್ ಅಬ್ಬರಿಸುತ್ತಿತ್ತು. ಟಿ.ವಿ.ಯಲ್ಲಿ ಯಾರದೋ ಭಾಷಣ ಬರುತ್ತಿತ್ತು. ಇವೆರಡರ ಮಧ್ಯೆ ಕೊಟ್ರೇಶ ಮತ್ತು ಅವನ ಹೆಂಡತಿ ಸ್ಫೂರ್ತಿ, ಎರಡನೆಯ ಹೆರಿಗೆಗೆ ಅವಳು ತವರಿಗೆ ಹೋಗಬೇಕೋ ಬೇಡವೋ ಎಂದು ಏರುದನಿಯಲ್ಲಿ ವಾದಿಸುತ್ತಿದ್ದರು. ಅವರ ಕಾಲ ಬುಡದಲ್ಲೇ ಮಗಳು ಇಂಚರ ಕುಳಿತು ಸ್ಟೀಲ್ ಲೋಟಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. ಅವಳು ಒಮ್ಮೆಯೂ ತಲೆ ಎತ್ತಲಿಲ್ಲ. ಸ್ಫೂರ್ತಿ ವಾದ ನಿಲ್ಲಿಸಿ, ಅವಳ ಕಡೆ ತಿರುಗಿ, "ಇಂಚರಾ, ಸಣ್ಣ ಲೋಟ ಕೊಡು" ಎಂದಾಗ ಮಾತ್ರ ತಟ್ಟನೆ ನೋಡಿದಳು. ಹುಡುಕಿ, ಸಣ್ಣ ಲೋಟವನ್ನೇ ಎತ್ತಿ ಕೊಟ್ಟಳು. ಅವಳಿಗೆ ಆಗ ಎರಡೂವರೆ ವರ್ಷ. ಕೆಲವು ವಾರಗಳ ಹಿಂದೆ ಅವಳಿಗೆ ಸಣ್ಣದು ದೊಡ್ಡದು ಹಾಗಿರಲಿ, ಲೋಟ ಎಂಬ ಪದವೂ ತಿಳಿಯುತ್ತಿರಲಿಲ್ಲ.

ಅವಳ ಕಿವಿಗಳ ಹಿಂದೆ ಹುಣಸೆಬೀಜದಷ್ಟು ದೊಡ್ಡ ಎರಡು ಬಿಲ್ಲೆಗಳಿದ್ದವು. ಅವಕ್ಕೆ ಅಂಟಿಕೊಂಡ ತೆಳುವಾದ ಪೊರೆ ಕಿವಿಯ ಒಳಗೆ ಕೂರುತ್ತಿತ್ತು. ಇದನ್ನು ರೂಪಿಸಿದ ದಾವಣಗೆರೆಯ ಸಂಶೋಧನಾ ಕೇಂದ್ರ ಇಟ್ಟ ಹೆಸರು 'ಅಭಿಮುಖ ಶ್ರವಣಯಂತ್ರ'. ಜನ ಜರಡಿ ಎಂದು ಕರೆಯುತ್ತಿದ್ದರು. ಮಾತನಾಡುವವರ ಮುಖ ಯಾವ ಕಡೆಗಿದೆ, ದನಿ ಯಾರನ್ನು ಉದ್ದೇಶಿಸಿದೆ ಎಂಬುದನ್ನು ಯಂತ್ರ ಗುರುತಿಸುತ್ತಿತ್ತು. ಮಗುವಿಗೇ ಹೇಳಿದ ಮಾತನ್ನು ಒಳಗೆ ಬಿಡುತ್ತಿತ್ತು. ಬಿಡುವ ಮುನ್ನ ಅದರಲ್ಲಿನ ವೇಗದ ವ್ಯಂಜನಗಳನ್ನು ಕೊಂಚ ಹಿಗ್ಗಿಸುತ್ತಿತ್ತು. ಏಕೆಂದರೆ 'ಪ'ಕಾರ 'ಬ'ಕಾರಗಳ ನಡುವಿನ ವ್ಯತ್ಯಾಸ ರೆಪ್ಪೆ ಮಿಟುಕಿಸುವುದಕ್ಕಿಂತ ಬಹಳ ಬೇಗ ಆಗಿಹೋಗುತ್ತದೆ, ಕೆಲವು ಮಕ್ಕಳ ಮಿದುಳು ಅದನ್ನು ಹಿಡಿಯಲಾರದು. ಉಳಿದದ್ದನ್ನೆಲ್ಲ ಯಂತ್ರ ತಡೆಯುತ್ತಿತ್ತು. ಗಾಡಿಯ ಹಾರ್ನ್, ಅಪಾಯದ ಕೂಗು ಮಾತ್ರ ಒಳಗೆ ಹೋಗುತ್ತಿದ್ದವು.

ಜರಡಿ ತೊಡಿಸಿದ ದಿನ ಕೊಟ್ರೇಶನಿಗೆ ಅಷ್ಟು ಮನಸ್ಸಿರಲಿಲ್ಲ. ಅವನು ನಗರ ಬಸ್ ಡಿಪೋದಲ್ಲಿ ಬಸ್ಸುಗಳ ಬ್ಯಾಟರಿ ನೋಡಿಕೊಳ್ಳುವವನು. ಯಂತ್ರಗಳೆಂದರೆ ಭಯವಿಲ್ಲ, ಆದರೆ ಮಗುವಿನ ಕಿವಿ ಬೇರೆ ವಿಷಯ.

"ನಮ್ಮ ಮನೇಲಿ ಎಲ್ರೂ ತಡವಾಗೇ ಮಾತಾಡಿದ್ದು ಅಂತ ನಮ್ಮವ್ವ ಹೇಳ್ತಾಳ್ರಿ. ಮಾತು ಬಂದೇ ಬರುತ್ತಲ್ರಿ" ಎಂದ.

ಯಂತ್ರವನ್ನು ರೂಪಿಸಿದ ಡಾ. ಜಯಕೀರ್ತಿ ಮೈಸೂರು ಕಡೆಯವರು. ಎದುರಿನವರು ಮುಗಿಸುವವರೆಗೆ ಕಾದು ಉತ್ತರ ಕೊಡುವ ಮನುಷ್ಯ. "ಬರಬಹುದು. ತಡವಾಗಿ ಮಾತಾಡೋ ಮಕ್ಕಳಲ್ಲಿ ಎಷ್ಟೋ ಜನ ತಾವಾಗೇ ಸರಿಹೋಗ್ತಾರೆ. ಆದರೆ ಇವಳಿಗೆ ನಾವು ಹೇಳಿದ್ದು ಅರ್ಥವಾಗೋದೂ ಕಡಿಮೆ ಇದೆ. ಅಂಥ ಮಕ್ಕಳಿಗೆ ಶಾಲೆಗೆ ಹೋದ ಮೇಲೆ ಓದು ಕಷ್ಟವಾಗೋ ಸಾಧ್ಯತೆ ಹೆಚ್ಚು" ಎಂದರು.

"ಮಾತಿಗೂ ಓದಿಗೂ ಏನ್ ಸಂಬಂಧ್ರಿ? ಓದಾದು ಕಣ್ಣಲ್ಲಿ ಅಲ್ಲೇನ್ರಿ?"

"ಅಕ್ಷರ ಕಾಣೋದು ಕಣ್ಣಿಗೆ. ಆದರೆ ಅದು ನಿಂತಿರೋದು ಸದ್ದಿನ ಮೇಲೆ. ಕಾಳಿ, ಗಾಳಿ ಎರಡೂ ಒಂದೇ ಥರ ಕೇಳಿಸೋ ಮಗುವಿಗೆ ಕ ಯಾವುದು, ಗ ಯಾವುದು ಅಂತ ಎಷ್ಟು ಸಲ ಬರೆದು ತೋರಿಸಿದರೂ ಹಿಡಿತ ಸಿಗಲ್ಲ. ಆಮೇಲೆ ಪದಗಳು. ಕಿವಿಗೆ ಗೊತ್ತಿಲ್ಲದ ಪದವನ್ನ ಕಣ್ಣು ಓದಿದರೂ ಅದು ಬರೀ ಗೆರೆ."

ಸ್ಫೂರ್ತಿ ಕೇಳಿದಳು, "ನಾವಿಬ್ರು ಮಾತಾಡಿದ್ದು ಅವಳಿಗೆ ಕೇಳಲ್ವೇನ್ರಿ?"

"ದೂರದಲ್ಲಿ ನೀರು ಹರಿದ ಹಾಗೆ ಕೇಳುತ್ತೆ. ಅದರಿಂದ ಅವಳಿಗೇನೂ ನಷ್ಟ ಇಲ್ಲ. ಸದ್ಯಕ್ಕೆ ಅದು ಗದ್ದಲ."

ಇಂಚರ ಜರಡಿ ತೊಟ್ಟಳು. ಆರು ವರ್ಷ ತುಂಬುವವರೆಗೂ, ಎಚ್ಚರವಿದ್ದಷ್ಟು ಹೊತ್ತು ತೊಟ್ಟಳು.

ಹೆರಿಗೆಗೆ ತವರಿಗೆ ಹೋಗುವ ಪ್ರಮೇಯ ಬರಲಿಲ್ಲ. ಎಂಟನೇ ತಿಂಗಳಿನಲ್ಲಿ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ಗಂಡು ಮಗು. ಸ್ಫೂರ್ತಿಗೆ ರಕ್ತಸ್ರಾವವಾಗಿ, ಅವಳು ತೀವ್ರ ನಿಗಾ ಘಟಕದಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾಗ ಕೊಟ್ರೇಶ ತನ್ನ ಅಣ್ಣನ ಜೊತೆ ಹೋಗಿ ಮಣ್ಣು ಮಾಡಿ ಬಂದ. ಅವಳಿಗೆ ಎಚ್ಚರವಾದಾಗ ಎಲ್ಲ ಮುಗಿದಿತ್ತು. ಅವಳು ಏನನ್ನೂ ಕೇಳಲಿಲ್ಲ. ಅವನು ಏನನ್ನೂ ಹೇಳಲಿಲ್ಲ. ಅಳು ಬರಬಹುದೆಂದು ಅವಳು ಕೆಲವು ದಿನ ಕಾದಳು. ಬರಲಿಲ್ಲ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸವಿತ್ತು, ಮತ್ತೆ ಹೋಗತೊಡಗಿದಳು. "ಸ್ವಲ್ಪ ಚುಚ್ಚುತ್ತೆ ನೋಡ್ರಿ" ಎಂದು ಹೇಳಿ ಒಂದೊಂದೇ ತೋಳಿನಿಂದ ರಕ್ತ ಎಳೆಯುತ್ತಿದ್ದಳು. ಸಂಜೆ ಬಂದು ಕುಕ್ಕರ್ ಇಡುತ್ತಿದ್ದಳು.

ಮೊದಮೊದಲು ಗಂಡ ಹೆಂಡತಿ ಮಗಳ ಎದುರಿಗೇ ಸಣ್ಣಪುಟ್ಟ ವಿಷಯಕ್ಕೆ ಜಗಳವಾಡಿದರು. ಅವಳಿಗೆ ಕೇಳುವುದಿಲ್ಲವಲ್ಲ. ಆಮೇಲೆ ಜಗಳವೂ ನಿಂತಿತು. ಮನೆಯ ಮಾತೆಲ್ಲ ಇಂಚರಳ ಕಡೆಗೆ ತಿರುಗಿಕೊಂಡಿತು. ಮಗುವಿನ ಜೊತೆ ಆದಷ್ಟು ಹೆಚ್ಚು ಮಾತಾಡಿ ಎಂದು ಕೇಂದ್ರದವರೂ ಹೇಳಿದ್ದರು. ಅವರು ಆಡಿದರು, ಬೇರೆಬೇರೆಯಾಗಿ. ಸ್ಫೂರ್ತಿ ಅನ್ನ ಬಸಿಯುತ್ತ, ಅಕ್ಕಿ ಹೇಗೆ ಅನ್ನವಾಯಿತು ಎಂದು ಮಗಳಿಗೆ ಬಿಡಿಸಿ ಹೇಳಿದಳು. ಕೊಟ್ರೇಶ ಅವಳನ್ನು ಡಿಪೋಗೆ ಕರೆದೊಯ್ದು ಬಸ್ಸಿನ ಒಂದೊಂದು ಭಾಗದ ಹೆಸರು ಹೇಳಿದ. ಗಂಡನಿಗೆ ಏನಾದರೂ ತಿಳಿಸಬೇಕಾದರೆ ಸ್ಫೂರ್ತಿ ಮಗಳ ಕಡೆ ತಿರುಗಿ, "ಇಂಚರಾ, ಊಟಕ್ಕೆ ಆಗೈತೆ ಅಂತ ಅಪ್ಪಂಗೆ ಹೇಳು" ಎನ್ನುತ್ತಿದ್ದಳು. ಅವನು ಎರಡಡಿ ದೂರದಲ್ಲೇ ಕುಳಿತಿರುತ್ತಿದ್ದ. ಇಂಚರ ಹೇಳುತ್ತಿದ್ದಳು. ಅವನ ಉತ್ತರವೂ ಅವಳ ಮೂಲಕವೇ ಬರುತ್ತಿತ್ತು. ಅದು ಅಭ್ಯಾಸವಾಯಿತು. ಯಾರಿಗೂ ವಿಚಿತ್ರ ಅನ್ನಿಸಲಿಲ್ಲ, ಮಗುವಿಗಂತೂ ಲೋಕವೇ ಹಾಗೆ.

ಅವಳು ಚೆನ್ನಾಗಿ ಕಲಿತಳು. ಆರು ವರ್ಷಕ್ಕೆ ಜರಡಿ ತೆಗೆದಾಗ ಅವಳ ಮಾತು ವಯಸ್ಸಿಗೆ ಮೀರಿ ಸ್ಪಷ್ಟವಾಗಿತ್ತು. ಒಂದನೇ ತರಗತಿಯ ಅರ್ಧಕ್ಕೇ ಒತ್ತಕ್ಷರಗಳನ್ನು ತಡವರಿಸದೆ ಓದುತ್ತಿದ್ದಳು. ಕೇಂದ್ರದವರು ಅವಳು ಓದುವ ವಿಡಿಯೋ ಮಾಡಿಕೊಂಡರು. ಜರಡಿ ತೊಟ್ಟ ಮಕ್ಕಳೆಲ್ಲರ ಫಲಿತಾಂಶವೂ ಹೀಗೇ ಇತ್ತು.

ಮೂರನೇ ತರಗತಿಯಲ್ಲಿ ಕನ್ನಡದ ಟೀಚರ್ ರೇಷ್ಮಾ ಮಿಸ್ ಸ್ಫೂರ್ತಿಯನ್ನು ಕರೆಸಿದರು. ಇಂಚರಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂದು ಪಾಠ ಓದಿಸಿದರು. ಮಧ್ಯಾಹ್ನದ ಹೊತ್ತಿಗೆ ನೇಕಾರನೊಬ್ಬನ ಮನೆಗೆ ನೆಂಟ ಬರುತ್ತಾನೆ. ನೇಕಾರ ಅಡುಗೆಮನೆಗೆ ಹೋಗಿ ಹೆಂಡತಿಯನ್ನು ನೋಡುತ್ತಾನೆ. 'ಅಕ್ಕಿ ಡಬ್ಬಿ ತೊಳೆದು ಬೋರಲು ಹಾಕಿದ್ದೇನೆ' ಎನ್ನುತ್ತಾಳೆ ಅವಳು. ನೇಕಾರ ಹೊರಗೆ ಬಂದು ನೆಂಟನಿಗೆ, 'ಇವತ್ತು ನಮ್ಮ ಮನೆಯಲ್ಲಿ ಉಪವಾಸ' ಎನ್ನುತ್ತಾನೆ. ಇಂಚರ ಒಂದು ತಪ್ಪೂ ಇಲ್ಲದೆ ಓದಿದಳು.

"ನೇಕಾರ ಯಾಕೆ ಹಾಗೆ ಹೇಳ್ದ?" ರೇಷ್ಮಾ ಮಿಸ್ ಕೇಳಿದರು.

"ಅವತ್ತು ಅವರ ಮನೇಲಿ ಉಪವಾಸ ಮಿಸ್."

"ಹೆಂಡ್ತಿ ಡಬ್ಬಿ ವಿಷಯ ಯಾಕೆ ಹೇಳಿದ್ಲು?"

"ಡಬ್ಬಿ ತೊಳೆದಿದ್ಲು."

"ಅದನ್ನ ಕೇಳಿ ನೇಕಾರಂಗೆ ಏನು ಗೊತ್ತಾತು?"

ಇಂಚರ ಪುಟವನ್ನು ಮೇಲಿನಿಂದ ಕೆಳಗೆ ಮತ್ತೊಮ್ಮೆ ನೋಡಿದಳು. "ಅದು ಬರೆದಿಲ್ಲ ಮಿಸ್."

ರೇಷ್ಮಾ ಮಿಸ್ ಅವಳನ್ನು ಆಡಲು ಕಳಿಸಿದರು. "ಕಾಗದದ ದೋಣಿ ಮಾಡೋದು ಹೇಗೆ ಅಂತ ಒಂದು ಪಾಠ ಐತ್ರಿ. ಅದನ್ನ ಓದಿ ಇಡೀ ಕ್ಲಾಸಿಗೆ ಮೊದ್ಲು ದೋಣಿ ಮಾಡಿದ್ದು ಇವ್ಳೇ. 'ನೀನು ಹೀಗೆ ಮಾಡು' ಅಂತ ಬರೆದಿದ್ರೆ ಪೂರ್ತಿ ತಿಳಿಯುತ್ತೆ. ಕಥೆ ಕೊಟ್ರೆ ಮಾತ್ರ ಬಾಗಿಲ ಹೊರಗೆ ನಿಂತಂಗೆ ಮಾಡ್ತಾಳೆ. ನಮ್ಮ ಶಾಲೇಲಿ ಜರಡಿ ಹಾಕಿದ್ದ ಇನ್ನೆರಡು ಮಕ್ಳು ಅದಾವ್ರಿ. ಅವೂ ಹಿಂಗೇ."

ಸ್ಫೂರ್ತಿ, "ಆಯ್ತು ಮಿಸ್, ತೋರಿಸ್ತೀವಿ" ಎಂದಳು. ಅವಳಿಗೆ ಗಾಬರಿಯಾಗಲಿಲ್ಲ. ಗಾಬರಿಯಾಗಬೇಕಿತ್ತು ಎಂದು ಮಾತ್ರ ಅನ್ನಿಸಿತು. ಮನೆಗೆ ಬಂದು, "ಇಂಚರಾ, ಶನಿವಾರ ಡಾಕ್ಟ್ರ ಹತ್ರ ಹೋಗ್ಬೇಕು ಅಂತ ಅಪ್ಪಂಗೆ ಹೇಳು" ಎಂದಳು.

ಡಾ. ಜಯಕೀರ್ತಿ ಅಷ್ಟರಲ್ಲಿ ಇಂಥ ಎಷ್ಟೋ ಮಕ್ಕಳನ್ನು ನೋಡಿದ್ದರು. ಮುಖ ಇಳಿದುಹೋಗಿತ್ತು. ಇಂಚರಳನ್ನು ಪರೀಕ್ಷಿಸಿ, ಆಟದ ಕೋಣೆಗೆ ಕಳಿಸಿ, ತಂದೆತಾಯಿಯನ್ನು ಎದುರಿಗೆ ಕೂರಿಸಿಕೊಂಡರು.

"ಯಂತ್ರ ಕೆಟ್ಟಿತ್ತೇನ್ರಿ?" ಕೊಟ್ರೇಶ ಕೇಳಿದ.

"ಇಲ್ಲ. ನಾವು ಹೇಳಿಕೊಟ್ಟ ಕೆಲಸವನ್ನ ಸರಿಯಾಗೇ ಮಾಡ್ತು. ತಪ್ಪಿದ್ದು ನಾವು ಹೇಳಿಕೊಟ್ಟಿದ್ದರಲ್ಲಿ." ಅವರು ಮಾತು ಹುಡುಕಿದರು. "ಮಗುವಿನ ಹತ್ತಿರ ಮಾತಾಡುವಾಗ ನಾವು ಎಲ್ಲಾನೂ ಬಿಡಿಸಿ ಹೇಳ್ತೀವಿ. ದೊಡ್ಡವರು ದೊಡ್ಡವರ ಹತ್ತಿರ ಹಾಗೆ ಮಾತಾಡಲ್ಲ. ಅರ್ಧ ಹೇಳ್ತಾರೆ, ಅರ್ಧ ಬಿಡ್ತಾರೆ. ಒಂದು ಹೇಳಿ ಇನ್ನೊಂದನ್ನ ತಿಳಿಸ್ತಾರೆ. ಮಕ್ಕಳು ಪಕ್ಕದಲ್ಲಿ ಆಡ್ಕೊಂಡು ಅದನ್ನೆಲ್ಲ ಕೇಳಿಸ್ಕೋತಿರ್ತಾರೆ. ಅಪ್ಪ ಯಾಕೆ ಸುಮ್ಮನಾದ, ಅತ್ತೆ ಹೋದ ಮೇಲೆ ಅಮ್ಮ ಯಾಕೆ ಹಾಗಂದಳು ಅಂತ ತಾವೇ ಕೂಡಿಸ್ಕೋತಾರೆ. ಅದನ್ನ ನಾವು ಗದ್ದಲ ಅಂತ ಜರಡಿ ಹಿಡಿದುಬಿಟ್ವಿ."

"ಅದಕ್ಕೂ ಓದಿಗೂ ಏನ್ರಿ?"

"ಕಥೆಯೊಳಗಿನ ಜನ ಓದೋರ ಜೊತೆ ಮಾತಾಡಲ್ಲ ಕೊಟ್ರೇಶ್. ತಮ್ಮತಮ್ಮಲ್ಲೇ ಮಾತಾಡ್ಕೋತಾರೆ. ಓದೋದು ಅಂದ್ರೆ ಪಕ್ಕದಲ್ಲಿ ಕೂತು ಅದನ್ನ ಕೇಳಿಸ್ಕೊಳ್ಳೋದು. ಇವಳಿಗೆ ಅಕ್ಷರ ಬಂತು, ಪದ ಬಂತು. ತನಗಲ್ಲದ ಮಾತನ್ನ ಕೇಳೋದು ಬರಲಿಲ್ಲ. ಜರಡಿ ತೆಗೆದು ಎರಡು ವರ್ಷ ಆದರೂ, ತನ್ನ ಹೆಸರು ಕೇಳಿಸದಿದ್ರೆ ಅವಳ ಗಮನ ಆ ಕಡೆ ಹೋಗಲ್ಲ."

"ಈಗ ಏನ್ ಮಾಡ್ಬೇಕ್ರಿ?" ಸ್ಫೂರ್ತಿ ಕೇಳಿದಳು.

"ತುಂಬಾ ಸುಲಭ. ನೀವಿಬ್ಬರೂ ಮಾತಾಡಬೇಕು. ಅವಳ ಹತ್ತಿರ ಅಲ್ಲ, ನಿಮ್ಮಿಬ್ಬರಲ್ಲೇ. ಅವಳು ಅಲ್ಲೇ ಎಲ್ಲಾದರೂ ಇರಲಿ. ದಿನಾ ಸಂಜೆ ಸ್ವಲ್ಪ ಹೊತ್ತು."

ಗಂಡ ಹೆಂಡತಿ ಇಬ್ಬರೂ ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ನೋಡುತ್ತಿದ್ದರು.

"ಏನ್ ಮಾತಾಡ್ಬೇಕ್ರಿ?" ಎಂದಳು ಸ್ಫೂರ್ತಿ.

"ಏನಾದರೂ. ಮನೇಲಿ ಮಾತಾಡ್ತೀರಲ್ಲ, ಅದೇ."

ಡಾ. ಜಯಕೀರ್ತಿ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದರು. ತಾವು ಸುಲಭ ಎಂದು ಹೇಳಿದ್ದು ಅವರಿಗೆ ಆಗ ಸರಿ ಕಾಣಲಿಲ್ಲ. ಆದರೆ ಕೊಡಲು ಬೇರೆ ಔಷಧ ಇರಲಿಲ್ಲ.

ಜರಡಿ ತೊಟ್ಟು ಬೆಳೆದ ಎಲ್ಲ ಮಕ್ಕಳ ಮನೆಗೂ ಕೇಂದ್ರ ಇದೇ ಸೂಚನೆ ಕಳಿಸಿತು. ಯಂತ್ರದ ಚರಿತ್ರೆಯಲ್ಲಿ ಯಾರೂ ಎಣಿಸದ ಅಧ್ಯಾಯ ಅದು. ಎಷ್ಟೋ ಮನೆಗಳಲ್ಲಿ ದೊಡ್ಡವರು ಎದುರುಬದುರು ಕುಳಿತು ಏನು ಹೇಳಬೇಕೆಂದು ತಿಳಿಯದೆ ಒದ್ದಾಡಿದರು. ಕೆಲವು ಕಡೆ ಹಳೆಯ ವ್ಯಾಜ್ಯಗಳು ಎದ್ದು ಕುಳಿತವು. ಚಿತ್ರದುರ್ಗದಲ್ಲಿ ಒಂದು ಮನೆಯ ಗಂಡ ಹೆಂಡತಿ ಸೂಚನೆಯಂತೆ ಮಾತಾಡುತ್ತ ಮಾತಾಡುತ್ತ ಬೇರೆಯೇ ಆದರು. ಅವರ ಮಗನ ಓದು ಬಹಳ ಸುಧಾರಿಸಿತು ಎಂದು ವರದಿ ಬಂತು.

ಕೊಟ್ರೇಶನ ಮನೆಯಲ್ಲಿ ಮೊದಲ ಸಂಜೆ ಹೀಗೆ ನಡೆಯಿತು. ಅವನು ಟಿ.ವಿ. ಆರಿಸಿದ. ಸ್ಫೂರ್ತಿ ಅವನೆದುರು ಬಂದು ಕುಳಿತಳು. ಇಂಚರ ಮೂಲೆಯಲ್ಲಿ ಬಣ್ಣ ಹಚ್ಚುತ್ತಿದ್ದಳು.

"ಹರಿಹರದ ಬಸ್ಸು ಚಾರ್ಜ್ ಆಗಾದು ಇವತ್ತು ತಡ ಆತು" ಎಂದ ಕೊಟ್ರೇಶ.

"ಹೌದಾ" ಎಂದಳು ಸ್ಫೂರ್ತಿ.

ಇಂಚರ ತಲೆ ಎತ್ತಿದಳು. "ನಂಗಾ ಅಪ್ಪ?"

"ಅಲ್ಲಮ್ಮ. ನಿಮ್ಮಮ್ಮಂಗೆ."

ಇಂಚರ ತಾಯಿಯ ಕಡೆ ತಿರುಗಿದಳು. "ಅಮ್ಮ, ಹರಿಹರದ ಬಸ್ಸು ಚಾರ್ಜ್ ಆಗೋದು ತಡ ಆಯ್ತಂತೆ."

ಅವರು ಬಿಡದೆ ಮಾಡಿದರು. ಮಾತ್ರೆ ನುಂಗುವವರ ಹಾಗೆ, ರುಚಿ ನೋಡದೆ. ಬಸ್ಸು, ಲ್ಯಾಬು, ನಲ್ಲಿಯಲ್ಲಿ ನೀರು ಬಾರದಿರುವುದು, ಕೊಟ್ರೇಶನ ಅಣ್ಣನ ಮಂಡಿನೋವು. ವಾಕ್ಯಗಳು ಚಿಕ್ಕವಾಗಿದ್ದವು. ಕೆಲವು ವಾರ ಇಂಚರ ಪ್ರತಿಯೊಂದನ್ನೂ ದಾಟಿಸುತ್ತಿದ್ದಳು. ಆಮೇಲೆ ದಾಟಿಸುವುದನ್ನು ಬಿಟ್ಟಳು. ಕೇಳಿಸಿಕೊಳ್ಳುತ್ತಿದ್ದಾಳೋ ಇಲ್ಲವೋ ಯಾರಿಗೂ ತಿಳಿಯುತ್ತಿರಲಿಲ್ಲ.

ಒಂದು ಸಂಜೆ ಸ್ಫೂರ್ತಿ ನೆಲದ ಮೇಲೆ ಕುಳಿತು ಚವಳಿಕಾಯಿಯ ನಾರು ತೆಗೆಯುತ್ತಿದ್ದಳು. ಕೊಟ್ರೇಶ ಗೋಡೆಗೆ ಒರಗಿದ್ದ. ಬಸ್ಸಿನ ಮಾತು ಮುಗಿದಿತ್ತು, ಅಣ್ಣನ ಮಂಡಿಯ ಮಾತೂ ಮುಗಿದಿತ್ತು. ಇನ್ನೂ ಸ್ವಲ್ಪ ಹೊತ್ತು ಉಳಿದಿತ್ತು. ಇಂಚರ ಮೂಲೆಯಲ್ಲಿ ಪುಸ್ತಕ ಹಿಡಿದು ಮೆಲುದನಿಯಲ್ಲಿ ಓದುತ್ತಿದ್ದಳು.

"ಯಾವುದ್ರಲ್ಲಿ ಸುತ್ತಿದ್ರಿ?" ಎಂದಳು ಸ್ಫೂರ್ತಿ. ನೀರು ಬಂತಾ ಎಂದು ಕೇಳುವ ದನಿಯಲ್ಲೇ ಕೇಳಿದಳು.

ಯಾರನ್ನು ಎಂದು ಅವನು ಕೇಳಲಿಲ್ಲ. "ಬಿಳಿ ಟವಲ್ಲಲ್ಲಿ. ಆಸ್ಪತ್ರೇದು."

"ಅಷ್ಟೇನಾ?"

"ಅಣ್ಣ ತನ್ನ ಶಲ್ಯ ಮೇಲೆ ಹೊದಿಸ್ದ."

ಅವಳು ಎರಡು ಕಾಯಿಯ ನಾರು ತೆಗೆದಳು. "ಕೂದ್ಲಿತ್ತಾ?"

"ಇತ್ತು. ಬಾಳ ಇತ್ತು."

"ಇವ್ಳಿಗೂ ಇತ್ತು."

"ಹ್ಞೂಂ. ಇವ್ಳಂಗೇ ಇತ್ತು. ಮೂಗೂ ಹಂಗೇ."

"ಬಿಸ್ಲಿತ್ತೇನು ಅವತ್ತು?"

"ಇತ್ತು. ಅಲ್ಲೊಂದು ಬೇವಿನ ಮರ ಐತೆ. ಅದರ ಕೆಳಗೆ."

ಸ್ಫೂರ್ತಿ ತಲೆಯಾಡಿಸಿದಳು. ಎದೆಯಲ್ಲಿ ಏನಾದರೂ ಆಗುತ್ತದೆ ಎಂದು ಅವಳು ಈ ಸಲವೂ ಕಾದಳು. ಏನೂ ಆಗಲಿಲ್ಲ. ಕಾಯಿಗಳು ಕೈಯಲ್ಲಿ ಒದ್ದೆಯಾಗಿದ್ದವು, ಅಷ್ಟೇ. ಆದರೆ ಬಿಸಿಲಿತ್ತು, ನೆರಳೂ ಇತ್ತು ಎಂಬುದು ಅವಳಿಗೆ ಈಗ ಗೊತ್ತಿತ್ತು. ಆರು ವರ್ಷ ಅದು ಗೊತ್ತಿರಲಿಲ್ಲ.

ಆಗ ಇಬ್ಬರಿಗೂ ಒಟ್ಟಿಗೇ ಮಗಳ ನೆನಪಾಯಿತು. ಮೂಲೆಯಲ್ಲಿ ಓದುವ ದನಿ ಯಾವಾಗಲೋ ನಿಂತುಹೋಗಿತ್ತು. ಇಬ್ಬರೂ ಆ ಕಡೆ ನೋಡಿದರು. ಇಂಚರ ತಲೆ ತಗ್ಗಿಸಿಕೊಂಡೇ ಇದ್ದಳು. ಅವರು ನೋಡುತ್ತಿದ್ದಾರೆ ಎಂದು ತಿಳಿದ ಹಾಗೆ, ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿದಳು, ಮುಂದಿನ ಸಾಲಿನ ಮೇಲೆ ಬೆರಳಿಟ್ಟಳು. ಅವರು ಮತ್ತೆ ಚವಳಿಕಾಯಿಯ ಕಡೆ ತಿರುಗಿದರು.

ಕೆಲವು ತಿಂಗಳ ನಂತರ ಕೇಂದ್ರದಲ್ಲಿ ಮರುಪರೀಕ್ಷೆ ನಡೆಯಿತು. ಒಂದು ಕಡೆಯಿಂದ ಮಾತ್ರ ಕಾಣುವ ಗಾಜಿನ ಆಚೆ ಕೊಟ್ರೇಶ, ಸ್ಫೂರ್ತಿ ಕುಳಿತಿದ್ದರು. ಈಚೆಯ ಕೋಣೆಯ ಮಾತು ಅವರಿಗೆ ಸ್ಪೀಕರಿನಲ್ಲಿ ಕೇಳುತ್ತಿತ್ತು. ಡಾ. ಜಯಕೀರ್ತಿ ಇಂಚರಳಿಗೆ ಒಂದು ಪುಟ್ಟ ಕಥೆ ಕೊಟ್ಟರು. ಒಬ್ಬಾಕೆ ಪಕ್ಕದ ಮನೆಯವಳಿಗೆ, 'ಎಮ್ಮೆ ಮಾರಿದೆವು, ಕೊಟ್ಟಿಗೆ ಗುಡಿಸುವ ಕೆಲಸ ತಪ್ಪಿತು' ಎನ್ನುತ್ತಾಳೆ. ಮರುದಿನ ಬೆಳಿಗ್ಗೆ ಎದ್ದು ಖಾಲಿ ಕೊಟ್ಟಿಗೆ ಗುಡಿಸುತ್ತಾಳೆ.

"ಎಮ್ಮೆ ಹೋಗಿದ್ದಕ್ಕೆ ಅವಳಿಗೆ ಸಂತೋಷವಾ?"

"ಇಲ್ಲ ಸರ್."

"ಕೆಲಸ ತಪ್ಪಿತು ಅಂದಳಲ್ಲ?"

"ಅದು ಪಕ್ಕದ ಮನೆಯೋರಿಗೆ ಅಂದಿದ್ದು."

"ಬೇಜಾರಾಗಿದೆ ಅಂತ ಎಲ್ಲೂ ಬರೆದಿಲ್ಲವಲ್ಲ?"

"ಬರೆದಿಲ್ಲ. ಆದ್ರೆ ಗುಡಿಸ್ತಾಳಲ್ಲ ಸರ್."

ಡಾ. ಜಯಕೀರ್ತಿ ಕುರ್ಚಿಗೆ ಒರಗಿದರು. ತುಂಬ ದಿನಗಳ ಮೇಲೆ ಅವರ ಮುಖದಲ್ಲಿ ನಗು ಕಾಣಿಸಿತು. "ಮನೇಲಿ ಅಪ್ಪ ಅಮ್ಮ ಮಾತಾಡ್ಕೋತಾರಾ?"

"ಹ್ಞೂಂ."

"ಏನು ಮಾತಾಡ್ತಾರೆ?"

ಇಂಚರ ಕಥೆಯ ಹಾಳೆಯ ಅಂಚನ್ನು ಬೆರಳಿನಿಂದ ಸವರಿದಳು. "ಬಸ್ಸಿಂದು. ನಲ್ಲಿ ನೀರಿಂದು. ದೊಡ್ಡಪ್ಪನ ಮಂಡಿದು."

"ಬೇರೆ ಏನೂ ಇಲ್ವಾ?"

"ಇಲ್ಲ ಸರ್" ಎಂದಳು ಇಂಚರ.

ಗಾಜಿನ ಆಚೆ ಕೊಟ್ರೇಶ ಹೆಂಡತಿಯ ಕಡೆ ನೋಡಿದ. ಸ್ಫೂರ್ತಿ ಸ್ಪೀಕರನ್ನೇ ನೋಡುತ್ತಿದ್ದಳು. ಮಗಳು ಈವರೆಗೆ, ಯಾರು ಏನು ಕೇಳಿದರೂ ತಿಳಿದಷ್ಟನ್ನೂ ಹೇಳಿಬಿಡುವವಳು. ಮುಚ್ಚಿಡುವುದು ಅವಳಿಗೆ ಗೊತ್ತಿರಲಿಲ್ಲ. ಸ್ಫೂರ್ತಿಯ ಕೈ ಕುರ್ಚಿಯ ಹಿಡಿಯನ್ನು ಹಿಡಿದುಕೊಂಡಿತು, ಸ್ವಲ್ಪ ಹೊತ್ತು ಬಿಡಲಿಲ್ಲ.

ಹೊರಡುವಾಗ ಡಾ. ಜಯಕೀರ್ತಿ ಬಾಗಿಲವರೆಗೂ ಬಂದರು. "ಚೆನ್ನಾಗಿ ಮಾಡಿದ್ದೀರಿ. ಮಾತಿನ ವಿಷಯ ಮಾತ್ರ ಸ್ವಲ್ಪ ಹೆಚ್ಚಿಸಿ. ಬರೀ ಬಸ್ಸು, ನೀರು ಆದರೆ ಸಾಲದು."

"ಆಯ್ತು ಸರ್" ಎಂದ ಕೊಟ್ರೇಶ.

ಮೂವರೂ ದೋಸೆ ಹೋಟೆಲಿಗೆ ಹೋದರು. ಪಕ್ಕದ ಮೇಜಿನಲ್ಲಿ ಒಂದು ಕುಟುಂಬ ಮದುವೆಯ ಮಾತು ನಡೆಸಿತ್ತು. ಅಜ್ಜಿಯೊಬ್ಬಳು, "ಹುಡ್ಗ ಒಳ್ಳೇನೇ. ನಾನೇನ್ ಹೇಳ್ಲಿ, ನೀವು ನೋಡಿದ್ದೀರಿ" ಎಂದು ತಟ್ಟೆಯಲ್ಲಿದ್ದ ದೋಸೆಯನ್ನು ಸುಮ್ಮನೆ ಮುರಿಯುತ್ತಿದ್ದಳು. ಇಂಚರ ಅಗಿಯುವುದನ್ನು ನಿಧಾನ ಮಾಡಿದಳು. ಬೇರೆಯವರ ಮಾತು ಕೇಳಬಾರದು ಎಂದು ಹೇಳಲು ಕೊಟ್ರೇಶ ಬಾಯಿ ತೆರೆದ. ನೋಡಿದರೆ ಸ್ಫೂರ್ತಿಯೂ ಕೇಳುತ್ತಿದ್ದಳು. ಅವನೂ ಕಾಫಿ ಲೋಟದ ಮೇಲೆ ಕಣ್ಣಿಟ್ಟು ಕಿವಿಯನ್ನು ಆ ಕಡೆ ಬಿಟ್ಟ.

ಪಕ್ಕದವರು ಎದ್ದು ಹೋದ ಮೇಲೆ ಇಂಚರ ದನಿ ತಗ್ಗಿಸಿ ಕೇಳಿದಳು, "ಆ ಅಜ್ಜಿಗೆ ಮದುವೆ ಇಷ್ಟ ಇಲ್ಲ ಅಲ್ಲೇನಮ್ಮ?"

"ನಂಗೂ ಹಂಗೇ ಅನ್ನಿಸ್ತು" ಎಂದಳು ಸ್ಫೂರ್ತಿ.

"ಏ, ಇಲ್ಲ. ಮದುವೆ ಇಷ್ಟ ಐತೆ" ಎಂದ ಕೊಟ್ರೇಶ. "ತನ್ನ ಕೇಳ್ದೆ ನೋಡಿದ್ದು ಇಷ್ಟ ಇಲ್ಲ."

"ನಿಮಗೇನ್ರೀ ಗೊತ್ತು?" ಸ್ಫೂರ್ತಿ ಅವನ ಕಡೆಗೇ ತಿರುಗಿ ಕೇಳಿದಳು. "ಅವ್ರು ದೋಸೆ ತಿಂದ್ರೇನು? ನೋಡಿದ್ರಾ ನೀವು?"

"ಸಿಟ್ಟಿಗೆ ತಿಂದಿಲ್ಲ ಅದು."

"ಸಿಟ್ಟಲ್ಲ ಅಪ್ಪ, ಬೇಜಾರು" ಎಂದಳು ಇಂಚರ.

ಹೋಟೆಲಿನ ಹುಡುಗ ಬಂದು ತಟ್ಟೆ ಎತ್ತಿದ. ಅವರು ಇನ್ನೂ ಅದನ್ನೇ ಚರ್ಚಿಸುತ್ತಿದ್ದರು.